ಕಪ್ ಬಂದ ಮರುದಿನ

ಇಂಟರ್‌ವ್ಯೂನಲ್ಲಿ ‘ನಿಮ್ಮ ದೌರ್ಬಲ್ಯ ಏನು?’ ಅಂತ ಕೇಳುತ್ತಾರಲ್ಲ, ಪ್ರತಿ ಸಲವೂ ನನ್ನ ನಾಲಿಗೆ ತುದಿಗೆ ಬರುವ ಉತ್ತರ ‘ಆರ್‌ಸಿಬಿ ಸರ್’. ಅದನ್ನು ನುಂಗಿಕೊಂಡು, ‘ಕೆಲಸ ಅಚ್ಚುಕಟ್ಟಾಗಿ ಮುಗಿಯುವವರೆಗೆ ನನಗೆ ನಿದ್ದೆ ಬರಲ್ಲ, ಅದೇ ನನ್ನ ದೌರ್ಬಲ್ಯ’ ಎಂದು ಹಸಿ ಸುಳ್ಳು ಹೇಳಿ ಎದ್ದು ಬರುತ್ತೇನೆ. ನಿದ್ದೆ ಬಾರದ್ದು ನಿಜ. ಕಾರಣ ಬೇರೆ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ಅಪ್ಪನಿಗೆ ಎಲ್ಲವನ್ನೂ ಜಮಾ-ಖರ್ಚಿನಲ್ಲಿ ನೋಡುವ ಅಭ್ಯಾಸ. ‘ಅಲ್ಲ ಕಣೋ, ಇಷ್ಟು ವರ್ಷ ಆ ಟೀಮಿಗೆ ಬಂಡವಾಳ ಹಾಕಿದ್ದೀಯಲ್ಲ, ಬಡ್ಡಿ ಎಷ್ಟು ಬಂತು?’ ಎಂದು ಪ್ರತಿ ಮೇ ತಿಂಗಳಲ್ಲೂ ಕೇಳುತ್ತಿದ್ದರು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತಿದ್ದಾಗ ಮೊದಲ ಟ್ಯೂಷನ್ ದುಡ್ಡಿನಲ್ಲಿ ಆರ್‌ಸಿಬಿ ಜೆರ್ಸಿ ತಂದ ದಿನ ಮಾತ್ರ ಲೆಕ್ಕ ಬಿಟ್ಟು ಗಾದೆಗೆ ಇಳಿದರು: ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.’

ಆದರೆ ಈ ಹುಚ್ಚು ಹತ್ತಿಸಿದ್ದೂ ಅವರೇ. 2009ರ ಮೇ 24. ಆ ವರ್ಷ ಲೋಕಸಭಾ ಚುನಾವಣೆ ಇದ್ದದ್ದರಿಂದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಜೊಹಾನ್ಸ್‌ಬರ್ಗ್‌ನಲ್ಲಿ ಫೈನಲ್, ಎದುರಾಳಿ ಡೆಕ್ಕನ್ ಚಾರ್ಜರ್ಸ್. ನನಗೆ ಎಂಟು ವರ್ಷ. ಮೊದಲ ಓವರನ್ನು ಕುಂಬ್ಳೆಯೇ ಹಾಕಿದರು, ಗಿಲ್‌ಕ್ರಿಸ್ಟ್ ಸೊನ್ನೆಗೆ ಔಟ್. ಅಪ್ಪ ಕುರ್ಚಿಯಿಂದ ಎದ್ದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮನೆಗೆ ನೆಂಟರು ಬಂದರೂ ಅಷ್ಟು ಬೇಗ ಏಳುವವರಲ್ಲ ಅವರು. ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತರು. ಗೆಲ್ಲಲು ಬೇಕಿದ್ದದ್ದು 144. ನಮ್ಮವರು 137ಕ್ಕೆ ನಿಂತರು. ಆರು ರನ್ನಿನ ಸೋಲು. ನಾನು ದಿಂಬು ಕಚ್ಚಿಕೊಂಡು ಅಳುತ್ತಿದ್ದರೆ ಅಪ್ಪ ಲೈಟ್ ಆರಿಸುತ್ತಾ ‘ಸೋತೋರೇ ಚೆನ್ನಾಗಿ ಆಡಿದ್ರು, ಮಲಕೋ’ ಅಂದರು. ಅಲ್ಲಿಗೆ ಮುಗಿಯಿತು. ಗೆಲ್ಲುವುದನ್ನು ನೋಡಿ ಅಭಿಮಾನಿಯಾದವರು ತಂಡ ಸೋತರೆ ಬಿಟ್ಟು ಹೋಗಬಹುದು. ಸೋತದ್ದನ್ನು ನೋಡಿ ಅಭಿಮಾನಿಯಾದವನು ಇನ್ನೇನು ನೆಪ ಹೇಳಿ ಬಿಡುತ್ತಾನೆ?

ನಂತರದ ವರ್ಷಗಳ ಕಥೆ ನಿಮಗೂ ಗೊತ್ತು. 2011ರ ಫೈನಲ್ ಬಗ್ಗೆ ಹೇಳಲು ಏನೂ ಇಲ್ಲ: ಚೆನ್ನೈನಲ್ಲಿ, ಚೆನ್ನೈ ವಿರುದ್ಧ, 58 ರನ್ನಿನ ಸೋಲು. ನನಗೆ ಅದಕ್ಕಿಂತ ಸೋಜಿಗ ಅನಿಸುವುದು ಏಪ್ರಿಲ್ 23 ಎಂಬ ತಾರೀಕು. 2013ರ ಆ ದಿನ ಚಿನ್ನಸ್ವಾಮಿಯಲ್ಲಿ ಗೇಲ್ 66 ಎಸೆತಕ್ಕೆ 175 ಹೊಡೆದು ಔಟಾಗದೆ ಉಳಿದರು, ತಂಡದ ಮೊತ್ತ 263. ನಾಲ್ಕು ವರ್ಷ ಬಿಟ್ಟು ಅದೇ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ ಇಡೀ ತಂಡ 49ಕ್ಕೆ ಔಟ್. ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಇಷ್ಟು ಸಾಲದು ಎಂಬಂತೆ 2022ರ ಏಪ್ರಿಲ್ 23ಕ್ಕೆ ಹೈದರಾಬಾದ್ ವಿರುದ್ಧ 68ಕ್ಕೆ ಆಲೌಟ್. ಆರ್‌ಸಿಬಿ ಅಭಿಮಾನಿ ಪಂಚಾಂಗ ನಂಬದೇ ಇದ್ದರೂ ಕ್ಯಾಲೆಂಡರಿಗೆ ಹೆದರುತ್ತಾನೆ.

2016ನೇ ಇಸವಿಯದು ಮಾತ್ರ ತಮಾಷೆ ಮಾಡಲು ಇನ್ನೂ ಆಗುವುದಿಲ್ಲ. ಕೊಹ್ಲಿ ಆ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದಿದ್ದರು, ನಾಲ್ಕು ಶತಕ. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. ಗುರಿ 209. ಹನ್ನೊಂದನೇ ಓವರ್‌ನಲ್ಲಿ ಗೇಲ್ ರೂಪದಲ್ಲಿ ಮೊದಲ ವಿಕೆಟ್ ಬಿದ್ದಾಗ ಸ್ಕೋರು 114. ಅಲ್ಲಿಂದ ಎಂಟು ರನ್‌ನಿಂದ ಸೋಲುವುದು ಹೇಗೆ ಎಂದು ಯಾರಾದರೂ ಪರೀಕ್ಷೆಯಲ್ಲಿ ಕೇಳಿದರೆ ಹತ್ತು ಅಂಕಕ್ಕೆ ಬರೆಯಬಲ್ಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತನ್ನು ಮಾಡಿದವರು ಆರ್‌ಸಿಬಿಯನ್ನು ನೋಡಿಯೇ ಮಾಡಿರಬೇಕು ಅನಿಸಿತ್ತು.

ಅದೇ ವರ್ಷ ನವೆಂಬರ್‌ನಲ್ಲಿ ಪೇಪರಿನ ಕ್ರೀಡಾ ಪುಟದಲ್ಲಿ ಒಂದು ಸುದ್ದಿ ಓದಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚಿಕಾಗೊ ಕಬ್ಸ್ ಎಂಬ ತಂಡ 1908ರ ನಂತರ ಮೊದಲ ಬಾರಿಗೆ, ಅಂದರೆ 108 ವರ್ಷಕ್ಕೆ, ವರ್ಲ್ಡ್ ಸೀರೀಸ್ ಗೆದ್ದಿತ್ತು. ನೂರಾ ಎಂಟು! ನಾವು ಎಂಟೊಂಬತ್ತು ವರ್ಷಕ್ಕೇ ಎದೆ ಬಡಿದುಕೊಳ್ಳುತ್ತಿದ್ದೆವು. ಅವರ ಸೋಲಿಗೆ ಶಾಪವೂ ಇತ್ತಂತೆ. 1945ರಲ್ಲಿ ಒಬ್ಬ ಬಾರ್ ಮಾಲೀಕ ಸಾಕಿದ ಮೇಕೆಯನ್ನು ಪಂದ್ಯ ನೋಡಲು ಕರೆತಂದನಂತೆ, ಮೇಕೆಯನ್ನು ಹೊರಗೆ ಹಾಕಿದ್ದಕ್ಕೆ ಶಾಪ ಕೊಟ್ಟನಂತೆ. ಬೇಸ್‌ಬಾಲ್‌ನ ನಿಯಮ ನನಗೆ ಅಷ್ಟಾಗಿ ಗೊತ್ತಿಲ್ಲ, ಮೇಕೆಯ ಕಥೆ ಮಾತ್ರ ಚೆನ್ನಾಗಿ ಅರ್ಥವಾಯಿತು. ಸೋಲಿಗೆ ಕಾರಣ ಸಿಗದಿದ್ದಾಗ ಮೇಕೆಯಾದರೂ ಆದೀತು. ನಾವು ಜೆರ್ಸಿ ಬಣ್ಣವನ್ನು, ‘ಬೆಂಗಳೂರ್’ ಎನ್ನದೆ ‘ಬ್ಯಾಂಗಲೋರ್’ ಎಂದಿದ್ದ ಹೆಸರನ್ನು ದೂರುತ್ತಿದ್ದೆವು.

ಆ ಸುದ್ದಿಯ ಜೊತೆಗೊಂದು ಫೋಟೊ ಇತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಭಿಮಾನದ ಏಳುಬೀಳಿನ ಬಗ್ಗೆ ಬರೆಯುವಾಗ ಒಂದು ಸಿಟ್ಟನ್ನೂ ಇಲ್ಲೇ ಹೇಳಿಬಿಡಬೇಕು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತ ಆರ್‌ಸಿಬಿ, ನಂತರ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯಿತು. ಮೇ 18ರ ರಾತ್ರಿ ಚೆನ್ನೈಯನ್ನು ಸೋಲಿಸಿದಾಗ ನಮ್ಮ ಪಿಜಿಯ ಮೂರನೇ ಮಹಡಿಯಿಂದ ಯಾರೋ ತಟ್ಟೆ ಬಡಿಯುತ್ತಾ ರಸ್ತೆಗೇ ಇಳಿದರು. ಮರುದಿನದಿಂದ ವಾಟ್ಸ್‌ಆ್ಯಪ್ ತುಂಬ ಉಪದೇಶ: ಆರ್‌ಸಿಬಿ ನೋಡಿ ಕಲಿಯಿರಿ, ಸೋತರೂ ಪ್ರಯತ್ನ ಬಿಡಬೇಡಿ, ಕೆಲಸ ಸಿಕ್ಕೇ ಸಿಗುತ್ತೆ. ಸ್ವಾಮಿ, ಸೋತ ಆಟಗಾರನಿಗೂ ಕೋಟಿ ಲೆಕ್ಕದಲ್ಲಿ ಸಂಬಳ ಇದೆ. ಏಳು ಇಂಟರ್‌ವ್ಯೂನಲ್ಲಿ ಫೇಲಾದವನಿಗೆ ಎಂಟನೆಯದಕ್ಕೆ ಬಸ್ ಚಾರ್ಜೂ ಸ್ವಂತದ್ದೇ. ಕ್ರಿಕೆಟ್‌ನಿಂದ ನಾನು ಜೀವನ ಪಾಠ ಕಲಿಯಲಿಲ್ಲ. ಅದರಿಂದ ಸಿಕ್ಕಿದ್ದು ಜೊತೆ. ಹೆಸರು ಗೊತ್ತಿಲ್ಲದ ನಾಲ್ಕು ಜನ ಟೀ ಅಂಗಡಿಯ ಮೊಬೈಲಿನ ಸುತ್ತ ನಿಂತು ಒಟ್ಟಿಗೆ ‘ಅಯ್ಯೋ’ ಅನ್ನುತ್ತಾರಲ್ಲ, ಅಷ್ಟು ಹೊತ್ತು ನಾನು ನಿರುದ್ಯೋಗಿಯಾಗಿರುವುದಿಲ್ಲ. ಬರೀ ಆರ್‌ಸಿಬಿಯವನಾಗಿರುತ್ತೇನೆ.

ಆ ‘ಆರ್‌ಸಿಬಿಯವರು’ ಎಂಬ ಮಾತಿನಲ್ಲಿ ಯಾರೆಲ್ಲ ಸೇರುತ್ತಾರೆ ಎಂಬ ಪ್ರಶ್ನೆಯನ್ನು ತಂಗಿ ಕೇಳಿದಳು. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕತ್ವದಲ್ಲಿ ಮಹಿಳಾ ತಂಡ ಡೆಲ್ಲಿಯನ್ನು ಸೋಲಿಸಿ ಕಪ್ ಗೆದ್ದಿತ್ತು. ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ್ ಹನ್ನೆರಡೇ ರನ್ನಿಗೆ ನಾಲ್ಕು ವಿಕೆಟ್. ನಾವು ಹುಡುಗರು ಸ್ಟೇಟಸ್ ಹಾಕಿದೆವು, ‘ಹುಡುಗಿಯರು ಗೆದ್ದರು, ಇನ್ನು ನಮ್ಮ ಸರದಿ’ ಎಂದೆವು. ತಂಗಿ ಫೋನ್ ಮಾಡಿ, ‘ಅಣ್ಣಾ, ಈ ಸಲ ಕಪ್ ನಮ್ದೆ ಅಂತ ವರ್ಷಾನುಗಟ್ಟಲೆ ಕೂಗಿದ್ರಲ್ಲ, ಬಂತಲ್ಲ ಕಪ್ಪು. ಮತ್ತೆ ನಿಮ್ಮ ಸರದಿ ಅಂದ್ರೇನು?’ ಅಂದಳು. ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

2025ಕ್ಕೆ ಬರೋಣ. ಅದು ಹದಿನೆಂಟನೇ ಸೀಸನ್. ತವರಿನಲ್ಲಿ ಮೊದಲ ಮೂರೂ ಪಂದ್ಯ ಸೋತ ತಂಡ, ಹೊರಗೆ ಆಡಿದ ಏಳಕ್ಕೆ ಏಳೂ ಲೀಗ್ ಪಂದ್ಯ ಗೆದ್ದಿತು. ಮನೆಯಲ್ಲಿ ಇಲಿ, ಬೀದಿಯಲ್ಲಿ ಹುಲಿ. ಆ ಮೂರರಲ್ಲಿ ಒಂದನ್ನು ಸೋಲಿಸಿದ್ದು ನಮ್ಮವರೇ ಆದ ಕೆ.ಎಲ್. ರಾಹುಲ್, ಡೆಲ್ಲಿ ಪರ 93 ಹೊಡೆದು, ಪಿಚ್ ಮೇಲೆ ಬ್ಯಾಟಿನಲ್ಲಿ ಗೆರೆ ಎಳೆದು, ಇದು ನನ್ನ ಜಾಗ ಎಂಬಂತೆ ಬ್ಯಾಟ್ ಊರಿದರು. ಸಂಕಟಪಡಬೇಕೋ ಹೆಮ್ಮೆಪಡಬೇಕೋ ತಿಳಿಯದೆ ನಾನು ಹೋಗಿ ಮಲಗಿಬಿಟ್ಟೆ.

ಜೂನ್ 3, ಅಹಮದಾಬಾದ್. ಆರ್‌ಸಿಬಿ 190. ಕೃಣಾಲ್ ಪಾಂಡ್ಯ 17 ರನ್ನಿಗೆ ಎರಡು ವಿಕೆಟ್ ಕಿತ್ತು ಪಂಜಾಬನ್ನು ಕಟ್ಟಿಹಾಕಿದರು. ಕೊನೆಯ ಓವರಿಗೆ 29 ಬೇಕಿತ್ತು, ಹೇಝಲ್‌ವುಡ್ ಮೊದಲ ಎರಡು ಎಸೆತಕ್ಕೆ ರನ್ನೇ ಕೊಡಲಿಲ್ಲ. ಬೌಂಡರಿ ಗೆರೆಯ ಹತ್ತಿರ ಕೊಹ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಮಾತ್ರ ಕೊನೆಯ ಎಸೆತದವರೆಗೂ ನಂಬಲಿಲ್ಲ. ಹದಿನೇಳು ವರ್ಷ ಅಷ್ಟಾದರೂ ಬುದ್ಧಿ ಕಲಿಸಿತ್ತು. ಆರು ರನ್ನಿನ ಗೆಲುವು. ಜೊಹಾನ್ಸ್‌ಬರ್ಗ್‌ನ ಅದೇ ಆರು! ಅಪ್ಪನಿಗೆ ಫೋನ್ ಮಾಡಿದೆ. ‘ಆರು ರನ್ ವಾಪಸ್ ಬಂತು ನೋಡು, ಬಡ್ಡಿ ಇಲ್ಲದೆ’ ಅಂದರು. ಅವರ ದನಿ ಒದ್ದೆಯಾಗಿತ್ತು.

ಮರುದಿನ ತಂಡ ಬೆಂಗಳೂರಿಗೆ ಬಂತು. ವಿಜಯೋತ್ಸವ ಮೆರವಣಿಗೆ ಇದೆ ಎಂದರು, ಇಲ್ಲ ಎಂದರು, ಮತ್ತೆ ಇದೆ ಎಂದರು. ಪಾಸ್ ಬೇಕು, ಬೇಡ. ನನಗೆ ಕೋಚಿಂಗ್‌ನಲ್ಲಿ ಮಾಕ್ ಟೆಸ್ಟ್ ಇತ್ತು. ಮುಗಿಸಿ ಜೆರ್ಸಿ ಹಾಕಿಕೊಂಡು ಮೆಜೆಸ್ಟಿಕ್ ಮೆಟ್ರೊ ತಲುಪುವಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೂರು ರೈಲು ಬಿಟ್ಟೆ. ನಾಲ್ಕನೆಯದನ್ನು ಕಾಯುತ್ತಿದ್ದಾಗ ಅಪ್ಪನ ಫೋನ್. ‘ಎಲ್ಲಿದ್ದೀಯ?’ ಎಂದು ಕೇಳಿದ ರೀತಿಯಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು. ಟಿವಿಯಲ್ಲಿ ಚಿನ್ನಸ್ವಾಮಿ ಗೇಟಿನ ಮುಂದೆ ಬಿದ್ದ ಚಪ್ಪಲಿಗಳ ರಾಶಿ ತೋರಿಸುತ್ತಿದ್ದರಂತೆ.

ಹನ್ನೊಂದು ಜನ. ಬಹುಪಾಲು ಇಪ್ಪತ್ತೈದರ ಆಸುಪಾಸಿನವರು, ಅದಕ್ಕಿಂತ ಚಿಕ್ಕವರು. ಶಾಲೆಗೆ ಹೋಗುವ ಹುಡುಗಿಯೂ ಇದ್ದಳು.

ತಪ್ಪು ಯಾರದು ಎಂಬುದನ್ನು ತನಿಖೆಗಳು, ನ್ಯಾಯಾಲಯಗಳು ಹೇಳಲಿ; ಅದಕ್ಕೆ ನಾನು ದೊಡ್ಡವನಲ್ಲ. ಆದರೆ ಅಪ್ಪನ ಮಗನಾಗಿ ನನ್ನದೊಂದು ಲೆಕ್ಕದ ಪ್ರಶ್ನೆ ಇದೆ. ನಮ್ಮನ್ನು ಎಣಿಸುವುದು ಎಲ್ಲರಿಗೂ ಗೊತ್ತು. ಇನ್‌ಸ್ಟಾಗ್ರಾಮ್‌ನಲ್ಲಿ ಎಷ್ಟು ಫಾಲೋವರ್, ಟಿವಿಯಲ್ಲಿ ಎಷ್ಟು ವೀಕ್ಷಕರು, ಎಷ್ಟು ಜೆರ್ಸಿ ಮಾರಾಟ, ಎಲ್ಲಕ್ಕೂ ಅಂಕಿ ಸಿಗುತ್ತದೆ. ಆ ಅಂಕಿ ತೋರಿಸಿಯೇ ಜಾಹೀರಾತು ಬರುತ್ತದೆ, ‘ನಮ್ಮ ಅಭಿಮಾನಿಗಳೇ ನಮ್ಮ ಶಕ್ತಿ’ ಎಂಬ ವಿಡಿಯೊ ಬರುತ್ತದೆ. ಸುಮಾರು 35 ಸಾವಿರ ಜನ ಹಿಡಿಸುವ ಮೈದಾನಕ್ಕೆ ಆ ಮಧ್ಯಾಹ್ನ ಎಷ್ಟು ಜನ ಬರಬಹುದು ಎಂದು ಎಣಿಸಬೇಕಾದಾಗ ಮಾತ್ರ ಆ ಲೆಕ್ಕವೆಲ್ಲ ಎಲ್ಲಿ ಹೋಯಿತು? ಹದಿನೇಳು ವರ್ಷ ಕಾದವರು ಒಬ್ಬೊಬ್ಬರಾಗಿ ಬರುತ್ತಾರೆಯೇ? ತಿಪಟೂರಿನ ಹುಡುಗನಿಗೂ ಹೊಳೆಯುವ ಸಂಗತಿ ಇದು. ಕಬ್ಸ್ ತಂಡದ ಮೆರವಣಿಗೆಗೂ ಲಕ್ಷಗಟ್ಟಲೆ ಜನ ಸೇರಿದ್ದರು. ಅದು ನಡೆದದ್ದು ನಡುವೆ ಒಂದು ದಿನ ಬಿಟ್ಟು, ಯಾವ ದಾರಿಯಲ್ಲಿ ಎಲ್ಲಿಗೆ ಎಂದು ಮೊದಲೇ ಹೇಳಿ. ನೂರಾ ಎಂಟು ವರ್ಷ ಕಾದವರಿಗೆ ಇನ್ನೊಂದು ದಿನ ಕಾಯುವುದು ಕಷ್ಟವಾಗಲಿಲ್ಲ. ನಮಗೂ ಆಗುತ್ತಿರಲಿಲ್ಲ. ಕೇಳಿದ್ದರೆ ಭಾನುವಾರದವರೆಗೂ ಕಾಯುತ್ತಿದ್ದೆವು. ಕಾಯುವುದರಲ್ಲಿ ನಮಗಿಂತ ಪಳಗಿದವರು ಯಾರಿದ್ದಾರೆ?

ನಮ್ಮ ಪಾಲಿನದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂದು ಪ್ಲಾಟ್‌ಫಾರ್ಮಿನಲ್ಲಿ ನಾನೂ ಮೊಣಕೈಯಲ್ಲಿ ಜಾಗ ಮಾಡಿಕೊಂಡೇ ಮುಂದೆ ಹೋಗುತ್ತಿದ್ದೆ. ಎದುರಿಗಿದ್ದವನೂ ಅದೇ ಜೆರ್ಸಿ ಹಾಕಿದ್ದ. ಅವನ ಮುಖ ನಾನು ನೋಡಿರಲಿಲ್ಲ.

ಈಗ ಆ ಫೋಟೊ. ಚಿಕಾಗೊದ ರಿಗ್ಲಿ ಫೀಲ್ಡ್ ಎಂಬ ಹಳೆಯ ಮೈದಾನದ ಹೊರಗೆ ಇಟ್ಟಿಗೆ ಗೋಡೆ. 2016ರ ಆ ದಿನಗಳಲ್ಲಿ ಅಭಿಮಾನಿಗಳು ಬಣ್ಣದ ಸೀಮೆಸುಣ್ಣ ತಂದು ಅದರ ಮೇಲೆ ಹೆಸರು ಬರೆಯತೊಡಗಿದರು. ಆಟಗಾರರ ಹೆಸರಲ್ಲ, ತಮ್ಮ ಅಪ್ಪ, ಅಜ್ಜಿ, ಚಿಕ್ಕಪ್ಪಂದಿರ ಹೆಸರು. ಗೆಲುವು ನೋಡದೆ ತೀರಿಕೊಂಡವರದು. ಕೈಗೆಟಕುವ ಎತ್ತರದವರೆಗೂ ಗೋಡೆ ತುಂಬಿತ್ತು, ಅದಕ್ಕೂ ಮೇಲೆ ಬರೆಯಲು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದ್ದರು. ಹೈಸ್ಕೂಲ್ ಮುಗಿಸಿದ ಹೊಸತರಲ್ಲಿ ಅದನ್ನು ನೋಡಿ, ನಾವು ಗೆದ್ದ ದಿನ ಯಾರ ಹೆಸರು ಬರೆಯಬಹುದು ಎಂದು ಯೋಚಿಸಿದ್ದೆ. ಟಿವಿ ಮುಂದೆ ಕುಂಬ್ಳೆಗೆ ಕೈಮುಗಿಯುತ್ತಿದ್ದ ನಮ್ಮ ಅಜ್ಜಿಯದು ಎಂದುಕೊಂಡಿದ್ದೆ. ಗೆಲುವನ್ನು ಕಣ್ಣಾರೆ ಕಂಡು, ಅದರ ಮರುದಿನ ಹೋದವರ ಹೆಸರು ಬರೆಯಬೇಕಾದೀತು ಎಂದು ಹೊಳೆದಿರಲಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಅಮ್ಮ ಜೆರ್ಸಿಯನ್ನು ಒಗೆದು, ಇಸ್ತ್ರಿ ಹಾಕಿ, ಬ್ಯಾಗಿನ ತಳದಲ್ಲಿ ಇಟ್ಟಿದ್ದಳು. ‘ಬಿಸಾಕು ಅನ್ನಲ್ಲ ಕಣಪ್ಪ. ಹಾಕ್ಕೊಂಡು ಗುಂಪಿಗೆ ಮಾತ್ರ ಹೋಗ್ಬೇಡ’ ಅಂದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, ‘ಮುಂದಿನ ಸಲ ಪಂದ್ಯ ಇದ್ರೆ ಇಲ್ಲಿಗೇ ಬಾ, ಒಟ್ಟಿಗೆ ನೋಡೋಣ’ ಅಂದರು.

ಆಗಲಿ ಅಂದೆ. ತಂಗಿ ಒಳಗಿನಿಂದ, ‘ಹುಡುಗಿಯರ ಮ್ಯಾಚಿಗೂ ಬರ್ಬೇಕು’ ಎಂದು ಕೂಗಿದಳು.