ಬೆಳ್ಳಗಿರುವುದೆಲ್ಲ ಮಳೆಯಲ್ಲ



ಹೋದ ವರ್ಷ ಮಗಿ ಮಳೆಯ ದಿನಗಳಲ್ಲಿ ನಮ್ಮ ಹೊಲದಲ್ಲಿ ಹೆಸರು ಕಿತ್ತು ಹಾಕಿದ್ದೆವು. ಮರುದಿನ ರಾಶಿ ಮಷಿನ್ ಬರುವುದಿತ್ತು. ಅಜ್ಜ ನನ್ನನ್ನು ಕರೆದು, "ನೀ ಸಾಲಿ ಕಲ್ತಾಂವ ಅದಿ, ಮೊಬೈಲಿನ್ಯಾಗ ನೋಡಿ ಹೇಳು, ನಾಳೆ ಮಳಿ ಐತೇನು?" ಅಂದ. ನಾನು ಅಕ್ಕನ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೆಗೆದು ನೋಡಿದೆ. ಬೆಳಗಾವಿ ಜಿಲ್ಲೆಯ ಮೇಲೆ ಅರಳೆ ಹಾಸಿದಂಗ ಬೆಳ್ಳಗಿತ್ತು. "ದೊಡ್ಡ ಮಳಿ ಐತಿ ಅಜ್ಜಾ" ಅಂತ ಭಾಳ ಶಾಣ್ಯಾನಂಗ ಹೇಳಿಬಿಟ್ಟೆ. ಅಜ್ಜ ಮಷಿನ್ ಬೇಡ ಅಂದ.

ಮರುದಿನ ಒಂದು ಹನಿ ಬೀಳಲಿಲ್ಲ. ಮಷಿನ್ ಬೇರೆಯವರ ಹೊಲಕ್ಕೆ ಹೋಯಿತು. ಮೂರನೇ ದಿನ ಚಿತ್ರದಲ್ಲಿ ಬರೀ ಬೂದು ಬಣ್ಣ ಇತ್ತು, ಏನೂ ಇಲ್ಲ ಅಂದೆ. ಅವತ್ತು ರಾತ್ರಿಯಿಂದಲೇ ಜಿಟಿಜಿಟಿ ಹಿಡಿಯಿತು, ಎರಡು ದಿನ ಬಿಡಲಿಲ್ಲ. ಕಾಯಿ ತೊಯ್ದು ಕೆಲವು ಕಾಳು ಮೊಳಕೆ ಒಡೆದವು, ಉಳಿದವು ಕಪ್ಪಾದವು. ಪೇಟೆಯಲ್ಲಿ ಅರ್ಧ ರೇಟೂ ಸಿಗಲಿಲ್ಲ. ಅಜ್ಜ ನನಗೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆಮೇಲೆ ವಿಜ್ಞಾನದ ಅಕ್ಕೋರನ್ನು ಕೇಳಿದೆ. ನಾನು ನೋಡಿದ್ದು ಬೆಳಕಿನ ಫೋಟೋ ಅಲ್ಲವಂತೆ, ಶಾಖದ ಚಿತ್ರವಂತೆ. ಮೋಡದ ನೆತ್ತಿ ಎಷ್ಟು ತಣ್ಣಗಿರುತ್ತದೋ ಚಿತ್ರದಲ್ಲಿ ಅಷ್ಟು ಬೆಳ್ಳಗೆ ಕಾಣುತ್ತದೆ. ಬಹಳ ಎತ್ತರದಲ್ಲಿ ಗರಿಯಂತೆ ತೆಳ್ಳಗಿರುವ ಮೋಡ ಬರೀ ಹಿಮದ ಹರಳು. ಅದು ಬೆಳ್ಳಗೆ ಕಾಣುತ್ತದೆ, ಆದರೆ ಮಳೆ ಕೊಡುವುದಿಲ್ಲ. ಕೆಳಗಿನ ಮೋಡ ಬೆಚ್ಚಗಿರುತ್ತದೆ, ಬೂದಾಗಿ ಕಾಣುತ್ತದೆ, ಆದರೆ ಅದೇ ಜಿಟಿಜಿಟಿ ಸುರಿಸಬಹುದು. ನಾನು ಎರಡು ಸಲವೂ ಉಲ್ಟಾ ಓದಿದ್ದೆ!

ಹವಾಮಾನ ಇಲಾಖೆಯಲ್ಲಿ ಕುಂತು ಮುನ್ಸೂಚನೆ ಬರೆಯುವವರಿಗೂ ಇದೇ ಕೆಲಸ. ಆದರೆ ಅವರನ್ನು ಕೇಳುವವನು ಒಬ್ಬ ಅಜ್ಜ ಅಲ್ಲ, ದೇಶದ ರೈತರೆಲ್ಲ. 1875ರಲ್ಲಿ ಶುರುವಾದ ಈ ಇಲಾಖೆಗೆ ಬಹಳ ಕಾಲ ಉಪಗ್ರಹವೇ ಇರಲಿಲ್ಲ. 1983ರಲ್ಲಿ ಇನ್ಸಾಟ್-1ಬಿ ಹೋಯಿತು. 2013ರ ಇನ್ಸಾಟ್-3ಡಿ ಮೋಡದ ಚಿತ್ರದ ಜೊತೆಗೆ ಗಾಳಿಯಲ್ಲಿ ಮೇಲಿಂದ ಕೆಳಗಿನವರೆಗೆ ಎಷ್ಟು ಶಾಖ, ಎಷ್ಟು ತೇವ ಅನ್ನುವುದನ್ನೂ ಅಳೆಯತೊಡಗಿತು. 2024ರ ಫೆಬ್ರವರಿ 17ರಂದು ಶ್ರೀಹರಿಕೋಟಾದಿಂದ ಇನ್ಸಾಟ್-3ಡಿಎಸ್ ಹೋಯಿತು. ಅದನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿದೆ, ಇದು ನಮಗೆ ಹೆಮ್ಮೆ. ಅದರ ಕ್ಯಾಮೆರಾ ಆರು ಬಗೆಯ ಚಿತ್ರ ತೆಗೆಯುತ್ತದೆ. ಅರ್ಧ ಗಂಟೆಗೊಮ್ಮೆ ಅಂದರೆ ದಿನಕ್ಕೆ 48 ಸಲ. ಗುಣಿಸಿ ನೋಡಿರಿ, 288 ಆಗುತ್ತದೆ. ನಾನು ಒಂದೇ ಚಿತ್ರ ನೋಡಿ ಕೆಟ್ಟೆ!

ರಾಕೆಟ್ ಹಾರುವುದನ್ನು ಟಿವಿಯಲ್ಲಿ ತೋರಿಸುತ್ತಾರೆ, ನಾವೂ ಚಪ್ಪಾಳೆ ಹೊಡೆಯುತ್ತೇವೆ. ಚಿತ್ರ ಓದುವವರು ಹೇಗೆ ಕಲಿಯುತ್ತಾರೆ ಅಂತ ಯಾರೂ ತೋರಿಸುವುದಿಲ್ಲ. ಪುಣೆಯಲ್ಲಿ ಇಲಾಖೆಯ ತರಬೇತಿ ಸಂಸ್ಥೆ ಇದೆ. ನನ್ನ ಅಭಿಪ್ರಾಯವೇನೆಂದರೆ, ಹೊಸ ಉಪಗ್ರಹ ಹಾರುವುದಕ್ಕೆ ಮೊದಲೇ ಆ ಕಲಿಕೆ ಮುಗಿದಿರಬೇಕು. ಎತ್ತು ತಂದ ಮೇಲೆ ನೊಗ ಹುಡುಕಬಾರದು. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಮನೆಗಳೊಳಗೆ ನೀರು ಹೊಕ್ಕಿತಲ್ಲ, ಆ ದಿನಗಳ ಚಿತ್ರವನ್ನೂ ಊರೂರಲ್ಲಿ ಬಿದ್ದ ಮಳೆಯ ಲೆಕ್ಕವನ್ನೂ ಮುಂದಿಟ್ಟು ಅವರಿಗೆ ಅಭ್ಯಾಸ ಮಾಡಿಸಬೇಕು. ಕಲಿಯುವವರನ್ನು ಸುಗ್ಗಿಯಲ್ಲಿ ಒಂದು ದಿನ ಕಣಕ್ಕೂ ಕಳಿಸಬೇಕು. "ಕೆಲವು ಕಡೆ ಮಳೆ" ಅಂದರೆ ನಮ್ಮ ಹೂಲಿಯವರು ಏನು ತಿಳಿಯಬೇಕು?

ಎಲ್ಲಾ ಕಂಪ್ಯೂಟರೇ ಹೇಳ್ತೈತಿ ಬಿಡೋ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ಲೆಕ್ಕ ಅದು ಮಾಡಲಿ. ಆದರೆ ಅದು ತಪ್ಪಿದಾಗ ತಪ್ಪು ಅಂತ ಗುರುತಿಸುವವರು ಬೇಡವೇ?

ಗುರುಗಳಲ್ಲಿ ಒಂದು ವಿನಂತಿ. ದಿನಾ ಮಧ್ಯಾಹ್ನ ಉಪಗ್ರಹದ ಚಿತ್ರ ನೋಡಿ, ಹೊರಗೆ ಬಂದು ಹೂಲಿ ಗುಡ್ಡದ ಮೇಲಿನ ಮೋಡ ನೋಡಿ, ಎರಡನ್ನೂ ಇದೇ ಗೋಡೆಯ ಮೇಲೆ ಬರೆಯೋಣ. ಮಳೆ ಬಿದ್ದದ್ದನ್ನು ಮರುದಿನ ಬರೆಯೋಣ. ಅಜ್ಜ ಈ ವರ್ಷವೂ ಹೆಸರು ಬಿತ್ತಿದ್ದಾನೆ, ಮತ್ತೆ ನನ್ನನ್ನೇ ಕೇಳುತ್ತೇನೆ ಅಂದಿದ್ದಾನೆ. ಚಾರ್ಟ್ ಹಾಳೆ ನಾನು ತರುತ್ತೇನೆ.

— ಏಳನೇ ತರಗತಿಯ ವಿದ್ಯಾರ್ಥಿ