ಮರಿಮೀನಿನ ತೊಟ್ಟಿಗೆ ಎರಚುವ ಆ ಹಳದಿ ಪುಡಿ

ತಿಪ್ಪಸಂದ್ರ ಹೋಬಳಿಯ ಕೆರೆ ಗುತ್ತಿಗೆದಾರರೇ, ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು ಬಿಟ್ಟು ನಾಲ್ಕು ಕಾಸು ಕಾಣಬಯಸುವ ರೈತಬಂಧುಗಳೇ, ಮಳೆಗಾಲದಲ್ಲಿ ಬಿಟ್ಟ ಮರಿಗಳು ವಾರ ಕಳೆಯುವುದರೊಳಗೆ ಹೊಟ್ಟೆ ಮೇಲಾಗಿ ದಡ ಸೇರುವುದನ್ನು ನೀವೆಲ್ಲರೂ ಬಲ್ಲಿರಿ. ಬಲ್ಲವರಾಗಿಯೂ ನೀರಿನ ದೋಷವೆಂದೋ ಗ್ರಹಚಾರವೆಂದೋ ನಿಟ್ಟುಸಿರಿಟ್ಟು ಸುಮ್ಮನಾಗುತ್ತೀರಿ.

ಈಚೆಗೆ ಮರಿಸಾಕಣೆಯ ತಾಣವೊಂದರಲ್ಲಿ, ಕೋಳಿಗಳಿಗೆಂದು ಮಾರುವ ಆಂಟಿಬಯೋಟಿಕ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ರೋಗದ ಸುಳಿವೇ ಇಲ್ಲದ ತೊಟ್ಟಿಗೆ ಚೊಂಬು ಚೊಂಬಾಗಿ ಎರಚುತ್ತಿದ್ದುದನ್ನು ಕಂಡೆನು. ಏಕೆಂದು ಕೇಳಿದರೆ, ‘ಇರ್ಲಿ ಬಿಡಿ ಸ್ವಾಮಿ, ಮುಂಜಾಗ್ರತೆಗೆ’ ಎಂಬ ಉತ್ತರ. ಅದೇ ಗೂಡಿನಲ್ಲಿ ಪ್ರೋಬಯೋಟಿಕ್ ಡಬ್ಬಿಯೂ ಇದ್ದಿತು. ಬೆಳಗ್ಗೆ ಇದು, ಸಂಜೆ ಅದು ಎಂದರು! ಹಿತಕರ ಜೀವಾಣುಗಳನ್ನು ದುಡ್ಡು ತೆತ್ತು ತಂದು, ಅವನ್ನು ಕೊಲ್ಲುವ ಮದ್ದನ್ನೂ ದುಡ್ಡು ತೆತ್ತೇ ತರುವ ಈ ಅವಿವೇಕಕ್ಕೆ ಏನೆನ್ನಬೇಕು?

ಮೊಟ್ಟೆಯೊಡೆದ ಗೆಂಡೆಮರಿಯು ಸುಮಾರು ಮೂರು ದಿನ ಒಡಲಿಗಂಟಿದ ಹಳದಿಚೀಲದ ಸತ್ವದಿಂದಲೇ ಜೀವಿಸಿ, ಬಳಿಕ ಬಾಯ್ದೆರೆದು ಮೊದಲ ತುತ್ತನ್ನು ನುಂಗುವಾಗ, ಸುತ್ತಲ ನೀರಿನ ಜೀವಾಣುಗಳು ತಂಡತಂಡವಾಗಿ ಅದರ ಕರುಳನ್ನು ಹೊಗುತ್ತವೆ. ಗೆಂಡೆಗೆ ಜಠರವೇ ಇಲ್ಲ, ಆದ್ದರಿಂದ ಒಳಬಂದವನ್ನು ಸುಡುವ ಆಮ್ಲವೂ ಇಲ್ಲ. ರೋಗನಿರೋಧಕ ಶಕ್ತಿಯಿನ್ನೂ ಬಲಿಯದ ಆ ಎಳೆಯ ದೇಹಕ್ಕೆ ಲಸಿಕೆಯೂ ನಾಟದು. ಹಾಲಿಗೆ ಬೀಳುವ ಹೆಪ್ಪು ಒಳ್ಳೆಯದಾಗಿರಬೇಕೆಂದು ಅರಿತ ನಮಗೆ, ಕರುಳಿನಲ್ಲಿ ಮೊದಲು ನೆಲೆಯೂರುವ ಜೀವಾಣುವೇ ಮರಿಯ ಅಳಿವು ಉಳಿವನ್ನು ನಿರ್ಣಯಿಸಬಲ್ಲದೆಂಬುದು ಅರ್ಥವಾಗದೆ? ಪುಡಿಯೆರಚಿ ಬರಿದುಮಾಡಿದ ನೀರಿನಲ್ಲಿ ಬೇಗ ಬೇಗ ಹೆಚ್ಚಿ, ತೆರವಾದ ಎಡೆಯನ್ನು ಆಕ್ರಮಿಸುವುದು ಏರೋಮೊನಾಸ್‌ನಂತಹ ಅವಕಾಶಸಾಧಕ ರೋಗಾಣುಗಳೇ. ಪುಡಿಯನ್ನು ಸಹಿಸಿ ಬದುಕಲು ಕಲಿತವು ನೀರಿನೊಡನೆ ಹರಿದು, ಆ ಗುಣವನ್ನು ಮನುಷ್ಯರ ರೋಗಾಣುಗಳಿಗೂ ದಾಟಿಸಬಲ್ಲವು. ನಾಳೆ ನಮ್ಮದೇ ಕೂಸಿಗೆ ಜ್ವರ ಬಂದಾಗ ಔಷಧ ನಾಟದೆ ಹೋದರೆ ಯಾರನ್ನು ದೂರೋಣ?

ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡದ ಗೆಂಡೆಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, 1957ರಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮೊಟ್ಟೆಯಿಡಿಸಿದ ಸಾಧನೆಯ ಸ್ಮರಣೆಗಾಗಿ ದೇಶವು ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಅಂದು ಅಷ್ಟು ಶ್ರಮದಿಂದ ದೊರಕಿದ ಜೀವರಾಶಿಯನ್ನು ಇಂದು ನಾವು ಚೊಂಬಿನಿಂದ ಹಾಳುಮಾಡುತ್ತಿದ್ದೇವೆ.

ಮರಿ ಸಾಕಿ ಮಾರುವವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಬ್ಯಾಸಿಲಸ್, ಲ್ಯಾಕ್ಟೋಬ್ಯಾಸಿಲಸ್‌ಗಳಂತಹ ಹಿತಕರ ಜೀವಾಣುಗಳನ್ನು ನುಣ್ಣಗೆ ಜರಡಿ ಹಿಡಿದ ಕಡಲೆಹಿಂಡಿ ತವುಡಿನಲ್ಲಿ ಬೆರೆಸಿ ಮೊದಲ ತುತ್ತಿನಿಂದಲೇ ಕೊಡಲಿ. ನೀರಿಗೆ ಹಾಕುವುದಾದರೆ ಗಾಳಿಯಾಡಿಸಲಿ, ಏಕೆಂದರೆ ಬ್ಯಾಸಿಲಸ್‌ಗಳೂ ಉಸಿರಾಡುತ್ತವೆ. ಕೊಳೆತ ನೀರನ್ನೂ ಕಿಕ್ಕಿರಿದ ತೊಟ್ಟಿಯನ್ನೂ ಯಾವ ಡಬ್ಬಿಯೂ ಸರಿಪಡಿಸದು.

ಆದರೆ ಆ ಪುಡಿ ನಿಲ್ಲದ ಹೊರತು ಇದೆಲ್ಲ ವ್ಯರ್ಥ, ಮತ್ತು ಅದು ನಿಲ್ಲುವುದು ಕೊಳ್ಳುವ ನೀವು ಹಟ ಹಿಡಿದಾಗಲೇ. ಸಾವಿರ ಮರಿಗೆ ಹತ್ತು ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವ ನೀವು, ತೊಟ್ಟಿಗೆ ಏನು ಹಾಕಿದಿರೆಂದು ಒಂದು ಮಾತು ಕೇಳಲಾರಿರಾ? ಈ ಮಳೆಗಾಲದಲ್ಲಿ ಕೇಳಿ. ಪುಡಿ ಹಾಕಿದವರಿಗೆ ಮುಂಗಡ ಕೊಡಬೇಡಿ. ಕೊಟ್ಟಿದ್ದರೆ ಹಿಂದಕ್ಕೆ ಪಡೆಯಿರಿ.