ಕೋಡ್ ಬಂತು ಅಂದ್ರೆ ಸೆನ್ಸಾರ್ ಹೋಯ್ತು ಅಂತಲ್ಲ

ಬೋರಿನ ಮೋಟಾರ್ ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ ಪಂಪ್ ಎತ್ತೋ ಗಾಡಿಗೆ ಫೋನ್ ಮಾಡೋ ರೈತ ನಮ್ಮ ಕಡೆ ಯಾರಾದ್ರೂ ಇದ್ದಾರಾ? ಮೊದಲು ಮೂರು ಫೇಸ್ ಬಂದಿದೆಯಾ ನೋಡ್ತೀವಿ. ಫ್ಯೂಸ್ ನೋಡ್ತೀವಿ, ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಸುಟ್ಟಿದೆಯಾ ನೋಡ್ತೀವಿ, ಕೇಬಲ್ಲನ್ನ ಹೆಗ್ಗಣ ಕಡಿದಿದೆಯಾ ಅಂತ ಬದು ಪೂರ್ತಿ ನಡೀತೀವಿ. ಆಮೇಲೆ ಪಂಪ್ ಎತ್ತೋ ಮಾತು. ಇಷ್ಟು ಲೆಕ್ಕಾಚಾರ ಇರೋ ಜನ ಗಾಡಿ ತಗೊಂಡು ಗ್ಯಾರೇಜಿಗೆ ಹೋದಾಗ ಮಾತ್ರ ‘ಸೆನ್ಸಾರ್ ಹೋಗಿದೆ’ ಅಂದ್ರೆ ‘ಹಾಕ್ಬಿಡಪ್ಪಾ’ ಅಂತ ಜೇಬಿಗೆ ಕೈ ಹಾಕ್ತಾರೆ. ನನ್ನ ತಕರಾರು ಇದರ ಮೇಲೆ.

ಪಕ್ಕದ ಊರಿನ ಒಬ್ಬರು ತಮ್ಮ ಹಳೇ ಓಮ್ನಿಯಲ್ಲಿ ಬೀನ್ಸು, ಟೊಮೆಟೊ ಸಂತೆಗೆ ಹಾಕ್ತಾರೆ. ಗಾಡಿ ಜರ್ಕ್ ಹೊಡೆಯೋಕೆ ಶುರುವಾಯ್ತು. ನಿಂತಲ್ಲಿ ಇಂಜಿನ್ ಸದ್ದು ಏರೋದು, ಇಳಿಯೋದು. ಏರು ಸಿಕ್ಕಿದಾಗ ಎಳೆಯಲ್ಲ, ಒಮ್ಮೊಮ್ಮೆ ಆಫ್. ಮೀಟರ್ ಬೋರ್ಡಲ್ಲಿ ಇಂಜಿನ್ ಲೈಟ್. ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು, ಪಿ0123 ಅಂತ ಬಂತು. ‘ಥ್ರಾಟಲ್ ಪೊಸಿಷನ್ ಸೆನ್ಸಾರ್ ಹೋಗಿದೆ’ ಅಂತ ಹೊಸದು ಹಾಕಿದ್ರು. ಎರಡು ದಿನ ನೆಟ್ಟಗಿತ್ತು, ಮೂರನೇ ದಿನ ಅದೇ ಲೈಟು, ಅದೇ ಜರ್ಕು. ಈಗ ‘ಹಂಗಾದ್ರೆ ಇಸಿಎಮ್ಮೇ ಹೋಗಿರಬೇಕು, ಸೆಕೆಂಡ್ ಹ್ಯಾಂಡ್ ಹುಡುಕೋಣ’ ಅಂದ್ರಂತೆ. ಅಷ್ಟರಲ್ಲಿ ಆ ಮನುಷ್ಯನಿಗೆ ಮೂರು ಸಂತೆ ತಪ್ಪಿತ್ತು. ಹಣ್ಣಾದ ಟೊಮೆಟೊ ಕಾಯುತ್ತಾ? ಹೊಲದ ಹತ್ರ ಬಂದ ದಲ್ಲಾಳಿ ಹೇಳಿದ ರೇಟಿಗೆ ಕ್ರೇಟು ತುಂಬಿ ಕಳಿಸಿದ್ರು. ಸೆನ್ಸಾರಿನ ದುಡ್ಡಿಗಿಂತ ಆ ನಷ್ಟವೇ ದೊಡ್ಡದು.

ಆ ಕೋಡ್ ನಿಜವಾಗಿ ಹೇಳೋದು ಏನು? ‘ಸರ್ಕ್ಯೂಟ್ ಹೈ ಇನ್‌ಪುಟ್’. ಸರ್ಕ್ಯೂಟ್! ಅಂದ್ರೆ ಸೆನ್ಸಾರಿನ ದಾರಿಯಿಂದ ಬರ್ತಿರೋ ವೋಲ್ಟೇಜು ಇರಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ ಅಷ್ಟೇ. ಆ ದಾರಿಯಲ್ಲಿ ಸೆನ್ಸಾರೂ ಇದೆ, ಕನೆಕ್ಟರೂ ಇದೆ, ಎರಡು ಮೂರು ಮಾರು ವೈರೂ ಇದೆ. ಸ್ಕ್ಯಾನರ್ ಕಳ್ಳ ಯಾವ ಬೀದಿಯಲ್ಲಿದ್ದಾನೆ ಅಂತ ಹೇಳುತ್ತೆ, ಯಾವ ಮನೆ ಅಂತ ಹೇಳಲ್ಲ.

ಈ ಸೆನ್ಸಾರಿನಲ್ಲಿ ಅಂಥಾ ಮಾಯ ಏನೂ ಇಲ್ಲ. ಹಳೇ ರೇಡಿಯೋದಲ್ಲಿ ಸೌಂಡ್ ಹೆಚ್ಚು ಕಮ್ಮಿ ಮಾಡೋ ತಿರುಗಣೆ ಇರ್ತಿತ್ತಲ್ಲ, ಹೆಚ್ಚುಕಮ್ಮಿ ಅದೇ. ಆಕ್ಸಿಲರೇಟರ್ ತುಳಿದರೆ ಕೇಬಲ್ ಎಳೆದು, ಇಂಜಿನ್ನಿಗೆ ಗಾಳಿ ಹೋಗೋ ಬಾಯಲ್ಲಿರೋ ತಟ್ಟೆ ತಿರುಗುತ್ತೆ. ಆ ತಟ್ಟೆಯ ಕಡ್ಡಿಯ ತುದಿಗೆ ಈ ಸೆನ್ಸಾರ್ ಕೂತಿರುತ್ತೆ. ಮೂರು ವೈರು: ಒಂದರಲ್ಲಿ ಇಸಿಎಂ 5 ವೋಲ್ಟ್ ಕೊಡುತ್ತೆ, ಒಂದು ಅರ್ತ್, ಇನ್ನೊಂದು ಸಿಗ್ನಲ್. ಪೆಡಲ್ ಬಿಟ್ಟಾಗ ಸಿಗ್ನಲ್ಲಲ್ಲಿ ಅರ್ಧದಿಂದ ಒಂದು ವೋಲ್ಟ್ ಒಳಗೆ, ಪೂರ್ತಿ ತುಳಿದಾಗ 4ರ ಆಸುಪಾಸು. ಗಾಡಿಯಿಂದ ಗಾಡಿಗೆ ಸ್ವಲ್ಪ ಫರಕಿರುತ್ತೆ. ನಿಧಾನವಾಗಿ ತುಳಿಯುತ್ತಾ ಹೋದ್ರೆ ಅದೂ ನಿಧಾನವಾಗಿ ಏರಬೇಕು. ಮಧ್ಯದಲ್ಲಿ ದಿಢೀರ್ ಬೀಳಬಾರದು, ಹಾರಬಾರದು. ರೇಡಿಯೋ ತಿರುಗಣೆ ಸವೆದಾಗ ಒಂದು ಜಾಗದಲ್ಲಿ ಕರಕರ ಅಂತಿತ್ತಲ್ಲ, ಸೆನ್ಸಾರ್ ನಿಜವಾಗ್ಲೂ ಸವೆದಿದ್ರೆ ಹಂಗೇ ಒಂದು ಜಾಗದಲ್ಲಿ ಬೀಳುತ್ತೆ. ಅದೂ ಹೆಚ್ಚಾಗಿ ಪೆಡಲ್ ಸ್ವಲ್ಪವೇ ತುಳಿದ ಜಾಗದಲ್ಲಿ, ಯಾಕಂದ್ರೆ ಓಡಾಟ ಜಾಸ್ತಿ ಇರೋದು ಅಲ್ಲೇ. ಇಂಥಾ ಚಿಕ್ಕ ಬೀಳು ಡಿಜಿಟಲ್ ಮೀಟರಿಗೆ ಸಿಗದೇ ಹೋಗಬಹುದು. ಮೋಟಾರ್ ವೈಂಡಿಂಗ್ ಮಾಡೋರ ಹತ್ರ ಹಳೇ ಮುಳ್ಳಿನ ಮೀಟರ್ ಇದ್ರೆ ಕೇಳಿ ತನ್ನಿ, ಮುಳ್ಳು ನಡುಗೋದು ಕಣ್ಣಿಗೆ ಕಾಣುತ್ತೆ.

ಆ ಓಮ್ನಿಯನ್ನ ನಮ್ಮ ಶೆಡ್ಡಿಗೇ ತಂದ್ರು. ಓಮ್ನಿ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ ಅಂತ ಎಲ್ರಿಗೂ ಗೊತ್ತು. ಸೀಟ್ ಎತ್ತಿದ್ವಿ. ಕೀ ಆನ್, ಇಂಜಿನ್ ಆಫ್. ಕನೆಕ್ಟರ್ ಹಾಕಿರೋ ಹಾಗೇ ಅದರ ಹಿಂದಿನಿಂದ ಗುಂಡುಸೂಜಿ ತೂರಿಸಿ ಸಿಗ್ನಲ್ ಅಳೆದ್ರೆ ಸುಮಾರು 5 ವೋಲ್ಟ್. ಪೆಡಲ್ ತುಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಹೊಸಾ ಸೆನ್ಸಾರ್ ಕಣ್ರೀ ಅದು! ಕನೆಕ್ಟರ್ ಕಿತ್ತು 5 ವೋಲ್ಟಿನ ವೈರಿಗೆ ಕೆಂಪು ಕಡ್ಡಿ, ಬ್ಯಾಟರಿ ನೆಗೆಟಿವ್‌ಗೆ ಕಪ್ಪು ಕಡ್ಡಿ ಇಟ್ರೆ 4.98. ಅಂದ್ರೆ ಇಸಿಎಂ ಕೊಡಬೇಕಾದ್ದನ್ನ ಕೊಡ್ತಿದೆ. ಕಪ್ಪು ಕಡ್ಡಿಯನ್ನ ಬ್ಯಾಟರಿಯಿಂದ ತೆಗೆದು ಅದೇ ಕನೆಕ್ಟರಿನ ಅರ್ತ್ ಪಿನ್ನಿಗೆ ಇಟ್ರೆ ಸೊನ್ನೆ. ಅಲ್ಲಿಗೆ ಮುಗೀತು. ಅರ್ತ್ ಕಟ್ ಆಗಿದೆ. ನೀರು ಮುಂದೆ ಹೋಗೋಕೆ ದಾರಿ ಇಲ್ಲದಿದ್ರೆ ಕಾಲುವೆ ಪೂರ್ತಿ ತುಂಬಿ ನಿಲ್ಲಲ್ವಾ, ಹಾಗೇ 5 ವೋಲ್ಟು ಸಿಗ್ನಲ್ ವೈರಲ್ಲಿ ತುಂಬಿ ನಿಂತಿತ್ತು. ಟೇಪ್ ಬಿಚ್ಚುತ್ತಾ ಹೋದ್ರೆ ಒಂದು ಗೇಣು ದೂರದಲ್ಲಿ ಇಲಿ ಕಡಿದಿತ್ತು. ಒಂದೆರಡು ಎಳೆ ತಾಗಿಕೊಂಡಿದ್ದಾಗ ಗಾಡಿ ಚೆನ್ನಾಗಿ ಓಡೋದು, ಗುಂಡಿಗೆ ಬಿದ್ದಾಗ ಎಳೆ ಬಿಟ್ಟುಹೋಗಿ ಜರ್ಕ್ ಹೊಡೆಯೋದು. ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ಟೇಪ್ ಸುತ್ತಿದ್ವಿ. ಸಿಗ್ನಲ್ 0.7ರಿಂದ ಶುರುವಾಗಿ ನೀಟಾಗಿ ಏರ್ತು. ಹಿಂಡಿ ಮೂಟೆ ಇಟ್ಟಿರೋ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದ್ರೆ ಇಲಿ ಬರದೆ ಇನ್ನೇನು ಬರುತ್ತೆ.

ಎಲ್ಲಾ ಕೋಡೂ ಹಿಂಗೇ ಅಂತಲ್ಲ. ಪಿ0122 ಬಂದ್ರೆ ವೋಲ್ಟೇಜ್ ಕಮ್ಮಿ ಅಂತ. 5 ವೋಲ್ಟಿನ ವೈರು ಕಟ್ಟಾಗಿರಬಹುದು, ಸಿಗ್ನಲ್ ವೈರು ಬಾಡಿಗೆ ತಾಗ್ತಿರಬಹುದು, ಕನೆಕ್ಟರ್ ಲೂಸ್ ಇರಬಹುದು. ಪಿ0121 ಬಂದ್ರೆ ಸೆನ್ಸಾರಿನ ಮೇಲೇ ಅನುಮಾನ ಪಡೋದು ನ್ಯಾಯ. ಕೋಡೇ ಇಲ್ಲದೆ ಐಡಲಿಂಗ್ ಏರಿಳಿತ ಇದ್ರೆ ಥ್ರಾಟಲ್ ತಟ್ಟೆಯಲ್ಲಿ ಕಟ್ಟಿರೋ ಮಸಿ, ಸೀಳಿರೋ ವ್ಯಾಕ್ಯೂಮ್ ಪೈಪು ಮೊದಲು ನೋಡಿ.

ಈಗ ಮೆಕ್ಯಾನಿಕ್ಕುಗಳ ಮಾತು. ಒಬ್ರ ಹತ್ರ ಇದನ್ನೇ ಕೇಳಿದೆ. ‘ಅಣ್ಣಾ, ಒಂದು ಗಂಟೆ ಕೂತು ಅಳೆದು ವೈರ್ ಜೋಡಿಸಿ 500 ರೂಪಾಯಿ ಕೇಳಿದ್ರೆ, ಒಂದು ವೈರಿಗೆ ಐನೂರಾ ಅಂತ ಜಗಳಕ್ಕೆ ಬರ್ತಾರೆ. ಸೆನ್ಸಾರ್ ಡಬ್ಬಿ ತೋರಿಸಿ ಎರಡೂವರೆ ಸಾವಿರ ಅಂದ್ರೆ ಬಾಯ್ಮುಚ್ಕೊಂಡು ಕೊಡ್ತಾರೆ. ನಾನೇನು ಮಾಡ್ಲಿ?’ ಅಂದ. ಅವನ ಮಾತಲ್ಲಿ ತಪ್ಪು ಹುಡುಕೋಕೆ ನನಗಾಗಲಿಲ್ಲ. ನಮ್ಮವರು ವಸ್ತುವಿಗೆ ದುಡ್ಡು ಕೊಡ್ತಾರೆ, ತಲೆ ಓಡಿಸಿದ್ದಕ್ಕೆ ಕೊಡಲ್ಲ. ಮಣ್ಣು ಪರೀಕ್ಷೆಗೆ ನೂರು ರೂಪಾಯಿ ಅಂದ್ರೆ ಮುಖ ತಿರುಗಿಸಿ, ಅಂಗಡಿಯವನು ಹೇಳಿದ ಗೊಬ್ಬರಕ್ಕೆ ಸಾವಿರಗಟ್ಟಲೆ ಸುರಿಯೋ ಬುದ್ಧಿನೇ ಇದು. ಆದ್ರೆ ಅಳೆಯದೆ ಊಹೆ ಮೇಲೆ ಸಾಮಾನು ಹಾಕಿ, ಊಹೆ ತಪ್ಪಾದ್ರೆ ಅದರ ದುಡ್ಡನ್ನೂ ಗಿರಾಕಿಯ ತಲೆಗೇ ಕಟ್ಟೋದನ್ನ ನಾನು ಒಪ್ಪಲ್ಲ. ಊಹೆ ಯಾರದೋ ನಷ್ಟ ಅವರದೇ ಆಗ್ಲಿ.

ಮುಂದಿನ ಸಲ ಸೆನ್ಸಾರ್ ಹೋಗಿದೆ ಅಂದ್ರೆ ಜಗಳ ಮಾಡಬೇಡಿ. ‘5 ವೋಲ್ಟ್ ಬರ್ತಿದೆಯಾ, ಅರ್ತ್ ಇದೆಯಾ, ಸಿಗ್ನಲ್ ಎಷ್ಟು, ನನ್ನ ಮುಂದೆ ಮೀಟರ್ ಇಟ್ಟು ತೋರಿಸಪ್ಪಾ, ಅದರ ಕೂಲಿ ಬೇರೆ ಕೊಡ್ತೀನಿ’ ಅನ್ನಿ. ಬದಲಾಯಿಸಿದ ಮೇಲೆ ಹಳೇದನ್ನ ಕೇಳಿ ಇಸ್ಕೊಳ್ಳಿ.

ಒಂದು ಎಚ್ಚರಿಕೆ. ಇದೆಲ್ಲಾ ಕೇಬಲ್ ಎಳೆಯೋ ಹಳೇ ಪೆಟ್ರೋಲ್ ಗಾಡಿಗಳ ಮಾತು. ಹೊಸಾ ಗಾಡಿಗಳಲ್ಲಿ ಕೇಬಲ್ ಇಲ್ಲ, ಥ್ರಾಟಲ್ ತಟ್ಟೆ ತಿರುಗಿಸೋದು ಒಂದು ಮೋಟಾರ್. ಕೀ ಆನ್ ಇದ್ದಾಗ ಅದರೊಳಗೆ ಬೆರಳು ಹಾಕಬೇಡಿ. ಹೊಸಾ ಡೀಸೆಲ್ ಪಿಕಪ್ಪುಗಳಲ್ಲಿ ಪೆಡಲ್ ಹತ್ರವೇ ಸೆನ್ಸಾರ್ ಇರುತ್ತೆ, ಅದರಲ್ಲಿ ಎರಡು ಸಿಗ್ನಲ್. ಅದರ ವಿಷಯ ಇನ್ನೊಂದು ದಿನ ಬರೀತೀನಿ. ಮೀಟರ್ ಬೇಕಾದವರು ಸಂಜೆ ಆರರ ಮೇಲೆ ಬನ್ನಿ, ಪಂಪ್‌ಹೌಸಲ್ಲೇ ಇರ್ತೀನಿ.